ಕೂತು ಮಲಗಿದವರು

ಕಳ್ಳಂಬೆಳ್ಳದ ಹೆಂಗಸರಿಗೆ ಮಕ್ಕಳನ್ನು ಮಲಗಿಸುವುದು ಹೇಗೆಂದು ಹೇಳಿಕೊಡಲು ಜಗದಾಂಬ ಹೊರಟ ದಿನ, ಅವಳ ಸ್ವಂತ ಮಗ ತಾನೂ ಮಲಗದೆ ಮನೆಯವರನ್ನೂ ಮಲಗಗೊಡದೆ ಬೆಳಗು ಮಾಡಿದ್ದ. ಅದೇನು ಹೊಸದಲ್ಲ. ಮೂರು ತುಂಬಿದ ಆ ಹುಡುಗ ಒಂದು ವರ್ಷದಿಂದ ಹಾಗೆಯೇ. ಶಿರಾ ಪೇಟೆಯ ಆ ಬೀದಿಯಲ್ಲಿ ಅವನ ಕೂಗು ಕೇಳದ ಮನೆಯಿರಲಿಲ್ಲ.

ಹುಡುಗನ ಹೆಸರು ವೃಷಭೇಂದ್ರ. ಮುತ್ತಜ್ಜನ ಹೆಸರು ಅದು. ತಮ್ಮ ಮಾವನ ಹೆಸರನ್ನು ಬಾಯಲ್ಲಿ ತರುವುದು ಹೇಗೆಂದು ಅಜ್ಜಿ ದಾಕ್ಷಾಯಣಮ್ಮ ಅವನನ್ನು ಮರಿ ಎಂದು ಕರೆದರು. ಹಾಗಾಗಿ ಎಲ್ಲರಿಗೂ ಅವನು ಮರಿಯೇ ಆದ.

"ಇವತ್ತು ಇವನನ್ನ ನೀನೇ ಕರ್ಕೊಂಡು ಹೋಗವ್ವಾ," ಎಂದರು ದಾಕ್ಷಾಯಣಮ್ಮ, ಸೊಸೆ ಚಪ್ಪಲಿ ಮೆಟ್ಟುತ್ತಿದ್ದಾಗ. "ಊರ ಮಕ್ಕಳ್ನೆಲ್ಲ ಮಲಗಿಸೋಳು ನಿನ್ನದನ್ನ ನನ್ನ ಕೊರಳಿಗೆ ಕಟ್ಟಿ ಹೋಗ್ತೀಯ. ನನ್ನ ಕಣ್ಣು ನೋಡು, ಹಣ್ಣು ಮೆಣಸಿನಕಾಯಿ ಆಗ್ಯವೆ. ಹೆಂಗೂ ಸಾಯಂಕಾಲ ಶಿವಗಂಗ ಬತ್ತಾಳೆ. ಅವಳು ಮಧುಗಿರಿಗೆ ಕರ್ಕೊಂಡ್ಹೋದ್ರೆ ಎಲ್ರಿಗೂ ಒಂದು ನಿದ್ದೆ ಆಯ್ತದೆ."

ಶಿವಗಂಗಮ್ಮ ದಾಕ್ಷಾಯಣಮ್ಮನವರ ಹಿರಿಯ ಮಗಳು. ಮಧುಗಿರಿಯ ಅವಳ ಮನೆಯಲ್ಲಿ ಮಕ್ಕಳೆಂದರೆ ಒಂದು ಹಿಂಡು. ಆ ಹಿಂಡಿನಲ್ಲಿ ಬಿಟ್ಟರೆ ಹುಡುಗ ತಾನಾಗಿಯೇ ದಾರಿಗೆ ಬರುತ್ತಾನೆ, ಇಸ್ಕೂಲಿಗೆ ಸೇರಿಸುವವರೆಗೆ ಅಲ್ಲೇ ಇರಲಿ ಎಂದು ಮನೆಯಲ್ಲಿ ಮಾತಾಗಿತ್ತು. ಜಗದಾಂಬಳನ್ನೂ ಕೇಳಿದ್ದರು. "ಆಗಲಿ" ಎಂದಿದ್ದಳು. ಗಂಡ ಹೋದಾಗಿನಿಂದ ಯಾರು ಏನು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದುದು ಅದೊಂದೇ. ಬ್ಲಾಕ್ ಆಫೀಸಿನಲ್ಲಿ ಹೆಂಗಸರಿಗೆ ತಿಳಿವಳಿಕೆ ಹೇಳುವ ಕೆಲಸ ಇದೆ, ಮೈಸೂರಲ್ಲಿ ಬಿ.ಎ. ಮಾಡಿದ್ದೀಯಲ್ಲ, ಸೇರಿಕೋ ಎಂದು ಮಾವ ಮಲ್ಲಿಕಾರ್ಜುನಯ್ಯನವರು ಹೇಳಿದಾಗಲೂ ಆಗಲಿ ಎಂದಿದ್ದಳು. ಆದರೆ ಮಗನನ್ನು ಕಳಿಸಲು ಆಗಲಿ ಎಂದ ಮೇಲೆ, ಹಿತ್ತಿಲಿಗೆ ಹೋಗಿ ಪಾತ್ರೆ ತೊಳೆಯುತ್ತ ನಿಂತಾಗ, ತನಗೆ ದುಃಖಕ್ಕಿಂತ ಮೊದಲು ನಿದ್ದೆ ಬಂದಂತಾಗಿದ್ದು ಅವಳಿಗೆ ತಿಳಿಯಿತು. ಹೆತ್ತವಳಿಗೆ ಹೀಗೂ ಅನಿಸುತ್ತದೆಯೇ ಎಂದು ನಾಚಿಕೆಯಾಯಿತು. ಆ ನಾಚಿಕೆಯನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಹೇಳಿಕೊಳ್ಳಬಹುದಾಗಿದ್ದವನು ಗಂಡ ಪಂಚಾಕ್ಷರಿ. ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದ, ಜ್ವರ ಬಂದು, ಇಳಿದಂತಾಗಿ, ಮತ್ತೆ ಏರಿ ಹೋಗಿಬಿಟ್ಟ.

ಮಗುವಿಗೆ ಮಾಡದ ಉಪಾಯ ಉಳಿದಿರಲಿಲ್ಲ. ಗಾಳಿ ಸೋಕಿದೆ ಎಂದು ಮಠದ ಅಯ್ಯನವರಿಂದ ತಾಯಿತ ಕಟ್ಟಿಸಿದ್ದಾಯಿತು. ಪಕ್ಕದ ಮನೆಯ ರಹಮತ್ ಬಿ ದರ್ಗಾದಿಂದ ಓದಿಸಿದ ನೀರು ತಂದು ಕುಡಿಸಿದ್ದಾಯಿತು. ಜಂತುವಿನ ಔಷಧವೂ ಆಯಿತು. ಜಗದಾಂಬ ತಾನು ಊರೂರಿಗೆ ಹೋಗಿ ಹೇಳುತ್ತಿದ್ದುದನ್ನೆಲ್ಲ ಮಾಡಿದ್ದಳು. ದಿನವೂ ಅದೇ ಹೊತ್ತಿಗೆ ಹಾಲು, ಅದೇ ಮೂಲೆಯಲ್ಲಿ ಚಾಪೆ, ದೀಪ ಸಣ್ಣದು. ಅವನು ಮಲಗುವ ತನಕ ತಾನು ಮಲಗದೆ, ಗೋಡೆಗೆ ಒರಗಿ ಕೂತು ಬೆನ್ನು ತಟ್ಟುವಳು. ಮಗುವಿನ ರೆಪ್ಪೆ ಭಾರವಾಗುವುದು. ಅವಳ ರೆಪ್ಪೆಯೂ ಭಾರವಾಗುವುದು. ಇನ್ನೇನು ಎನ್ನುವಾಗ ಅವನು ಕಣ್ಣು ತೆರೆದು ಅವಳ ಮುಖ ನೋಡಿ, ಚೇಳು ಕುಟುಕಿದಂತೆ ಕಿರುಚಿ, ಎರಡೂ ಕೈಯಿಂದ ಅವಳ ಕೆನ್ನೆಗೆ ಬಡಿಯುವನು.

ಮಾವನಿಗೂ ಅದೇ ಪಾಡು. ಮಧ್ಯಾಹ್ನ ಜವಳಿ ಅಂಗಡಿಯಲ್ಲಿ ಲೋಡಿಗೆ ಒರಗಿ ಅವರು ತೂಕಡಿಸಿದರೆ ಸಾಕು, ಹುಡುಗ ಎಲ್ಲಿದ್ದರೂ ಓಡಿ ಬಂದು ಮೀಸೆ ಹಿಡಿದು ಜಗ್ಗಿ ಬೀದಿ ಕೇಳುವಂತೆ ಕೂಗುವನು. "ಯಜಮಾನ್ರು ನಿದ್ದೆ ಮಾಡಿದ್ರೆ ಯಾಪಾರ ಕೆಡ್ತದೆ ಅಂತ ಮೊಮ್ಮಗ ಕಾವಲು ಕುಂತವ್ನೆ," ಎಂದು ಗಿರಾಕಿಗಳು ನಗುವರು.

ಅವನು ನಿದ್ದೆ ಹೋಗುತ್ತಿದ್ದುದು ರಹಮತ್ ಬಿಯ ಮನೆಯಲ್ಲಿ ಮಾತ್ರ. ಆಕೆಗೆ ಸೊಂಟ ನೋವು. ಮಧ್ಯಾಹ್ನ ಊಟವಾದೊಡನೆ ನೆಲದ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗುವಳು. ಅವಳ ಮಕ್ಕಳೂ ಸುತ್ತ ಬಿದ್ದುಕೊಳ್ಳುವರು. ಮರಿಯೂ ಅವರ ನಡುವೆ. "ಅರೆ ಬೇಟಿ, ನಾನೇನೂ ಮಾಡ್ಲಿಲ್ಲ. ನಾನು ಬಿದ್ಕೊಂಡೆ, ಅವನೂ ಬಿದ್ಕೊಂಡ," ಎಂದು ಮಗುವನ್ನು ಹೆಗಲ ಮೇಲೆ ಹಾಕಿ ತಂದು ಕೊಡುವಳು. ನಿದ್ದೆಯ ಮಗನನ್ನು ಪರರ ಕೈಯಿಂದ ತೆಗೆದುಕೊಳ್ಳುವಾಗ ಜಗದಾಂಬ ತಲೆ ಎತ್ತುತ್ತಿರಲಿಲ್ಲ.

ಆ ದಿನ ಅವಳು ಮಗನನ್ನು ಕಂಕುಳಲ್ಲಿ ಎತ್ತಿಕೊಂಡೇ ಬಸ್ಸು ಹತ್ತಿದಳು. ಕಳ್ಳಂಬೆಳ್ಳದಲ್ಲಿ ರಂಗಯ್ಯನೆಂಬ ರೈತನ ಮನೆಯ ನಡುಮನೆಯಲ್ಲಿ ಹೆಂಗಸರು ಸೇರಿದ್ದರು. ಬಂದವರಿಗೆ ಕೊಡಲು ಒಬ್ಬಳು ತಟ್ಟೆಯಲ್ಲಿ ಕನಕಾಂಬರದ ದಂಡೆ ಇಟ್ಟುಕೊಂಡು ಮುಂದೆ ಬಂದಳು. ಜಗದಾಂಬಳ ಹಣೆ ನೋಡಿದಳು. ಅಲ್ಲಿ ವಿಭೂತಿ ಬಿಟ್ಟು ಬೇರೇನೂ ಇರಲಿಲ್ಲ. ತಟ್ಟೆಯನ್ನು ಏನೂ ಆಗದವಳಂತೆ ಹಿಂದಕ್ಕೆ ಸರಿಸಿ ಗೋಡೆಯ ಬದಿಗೆ ಇಟ್ಟಳು. ಅಲ್ಲಿ ರಂಗಯ್ಯನ ತಾಯಿ ಸಣ್ಣಕ್ಕ ಗೋಡೆಗೆ ಒರಗಿ ಕೂತಿದ್ದರು, ಹಲ್ಲಿಲ್ಲದ ಬಾಯಲ್ಲಿ ಎಲೆ ಅಡಿಕೆಯ ಕುಟ್ಟಿದ ಮುದ್ದೆ ಆಡಿಸುತ್ತ.

ಜಗದಾಂಬ ಶುರು ಮಾಡಿದಳು. ಮಗುವಿಗೆ ಅಫೀಮು ಮುಟ್ಟಿಸಬೇಡಿ. ಹೊಟ್ಟೆ ತುಂಬಿರಲಿ. ತೂಗಿ ತೂಗಿ ಕೈ ನೋಯಿಸಿಕೊಳ್ಳಬೇಡಿ, ಎಚ್ಚರವಿದ್ದಾಗಲೇ ಮಲಗಿಸಿ, ತಾನಾಗಿ ನಿದ್ದೆ ಹೋಗಲು ಬಿಡಿ. ಗುಮ್ಮ ಬಂದ, ಬುಡುಬುಡಿಕೆಯವನು ಬಂದ ಎಂದು ಸುಳ್ಳು ಹೇಳಿ ಹೆದರಿಸಬೇಡಿ.

"ಗುಮ್ಮನ್ನೂ ಕರೀಬಾರದಾ?" ಎಂದಳು ಹಿಂದಿನಿಂದ ಒಬ್ಬಳು. "ಅಂಗಾದ್ರೆ ಮಗ ಮಲಗೋಗಂಟ ಮುದ್ದೆ ಕೂಡ್ಸೋದು ಯಾರು ತಾಯಿ, ಅವರಪ್ಪನಾ?"

"ಅವರಪ್ಪನ್ನ ಮಲಗ್ಸೋಕೂ ಗುಮ್ಮನೇ ಬರ್ಬೇಕು ಕಣೇ," ಎಂದಳು ಇನ್ನೊಬ್ಬಳು. ನಗುವೆದ್ದಿತು.

"ಅಲ್ಲ ಕಣ್ ಮೇಡಮ್ಮೋರೇ, ಬಾಯಲ್ಲಿ ಹೇಳುದ್ರೆ ನಮ್ಗೆ ತಿಳಿಯಾಕಿಲ್ಲ. ನಿಮ್ಮ ಮಗೀನ ಒಂದು ಕಿತ ಮಲಗ್ಸಿ ತೋರ್ಸಿ. ಅದೂ ಕಣ್ಣು ಉಜ್ಜ್ಕೊತೈತೆ."

ಆಗಲಿ ಎಂದಳು. ಚಾಪೆ ಹಾಸಿಕೊಟ್ಟರು. ಮರಿಯನ್ನು ಮಲಗಿಸಿ, ತಾನು ಕಂಬಕ್ಕೆ ಒರಗಿ ಕೂತು ಬೆನ್ನು ತಟ್ಟತೊಡಗಿದಳು. ಹೆಂಗಸರು ಬಾಯಿ ಮುಚ್ಚಿ ನೋಡಿದರು. ಬಸ್ಸಿನ ದಣಿವಿಗೆ ಮಗುವಿನ ಕಣ್ಣು ಎಳೆಯಿತು. ಮನೆ ತಂಪಾಗಿತ್ತು. ಎಲ್ಲಿಯೋ ಕೋಳಿಯೊಂದು ಗೊಣಗುತ್ತಿತ್ತು. ಎಷ್ಟೋ ತಿಂಗಳ ನಿದ್ದೆ ಒಮ್ಮೆಗೇ ಅವಳ ಕತ್ತನ್ನು ಬಗ್ಗಿಸಿತು.

ಕೆನ್ನೆಗೆ ಪೆಟ್ಟು ಬಿದ್ದಾಗಲೇ ಎಚ್ಚರ. ಮರಿ ಎದ್ದು ನಿಂತು ಅವಳ ಮುಖಕ್ಕೆ ಬಡಿಯುತ್ತ ಕಿರುಚುತ್ತಿದ್ದ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಒಬ್ಬಳಿಗೆ ತಡೆಯಲಾಗಲಿಲ್ಲ.

"ಮಗ ಮಲಗ್ಲಿಲ್ಲ, ಮೇಡಮ್ಮೋರು ಮಲಗುದ್ರು ಕಣಕ್ಕಾ!"

"ಸುಮ್ಕಿರೇ, ಪಾಪ, ಯಾವ ಕಾಲದ ನಿದ್ದೆಯೋ."

ಜಗದಾಂಬ ಸೆರಗು ಸರಿ ಮಾಡಿಕೊಂಡಳು. ಕಲಿತದ್ದೆಲ್ಲ ಈ ನಗೆಯಲ್ಲಿ ತೊಳೆದುಹೋಯಿತು ಎಂದುಕೊಂಡಳು. ಇದೇ ದೊಡ್ಡ ನಾಚಿಕೆ ಎಂದು ಆ ಹೊತ್ತಿಗೆ ಅವಳಿಗೆ ಅನಿಸಿತ್ತು.

ಇಷ್ಟು ಗಲಾಟೆಯಲ್ಲೂ ಸಣ್ಣಕ್ಕ ಎದ್ದಿರಲಿಲ್ಲ. ಗೋಡೆಗೆ ಒರಗಿದಂತೆಯೇ, ಕಾಲು ಮಡಿಚಿ, ಕೈ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದರು. ಯಾರೋ ಹುಡುಗಿ, ಮಕ್ಕಳು ತುಳಿದಾರೆಂದು, ಹೂವಿನ ತಟ್ಟೆಯನ್ನು ಎತ್ತಿ ಮುದುಕಿಯ ಮಡಿಲ ಹತ್ತಿರ ಇಡಲು ಬಗ್ಗಿದಳು.

ಮರಿ ತಾಯಿಯನ್ನು ಬಿಟ್ಟು ಅತ್ತ ಹಾರಿದ. ತಟ್ಟೆಯನ್ನು ತಳ್ಳಿಬಿಟ್ಟ. ಹೂವು ಚೆಲ್ಲಿತು. ಮುದುಕಿಯ ಗಲ್ಲ ಹಿಡಿದು ಅಲುಗಾಡಿಸುತ್ತ ಕೂಗಿದ:

"ಹೂವಾ ಹಾಕ್ಬೇಡಿ! ಏಳು ಅಜ್ಜಿ, ಏಳು! ಹೂವಾ ಹಾಕ್ತಾರೆ! ಎತ್ಕೊಂಡು ಹೋಗ್ತಾರೆ!"

ಸಣ್ಣಕ್ಕ ಬೆಚ್ಚಿ ಕಣ್ಣು ಬಿಟ್ಟರು. ಸುತ್ತ ನೋಡಿ, ಮಗುವನ್ನು ನೋಡಿ, ಬೊಚ್ಚು ಬಾಯಿ ಅಗಲಿಸಿದರು. "ಇಲ್ಲ ಕಣೋ ಮಗಾ, ನಾನಿನ್ನೂ ಹೋಗಿಲ್ಲ. ಇವ್ರಿಗೆ ಎತ್ಕೊಂಡ್ಹೋಗೋಕೆ ಅರ್ಜೆಂಟು, ನಂಗಿಲ್ಲ."

ಎಲ್ಲರೂ ನಕ್ಕರು. ಮರಿಯೂ, ಅಜ್ಜಿ ಎದ್ದಳೆಂದು, ಕಣ್ಣೀರಿನಲ್ಲೇ ನಕ್ಕ. ಜಗದಾಂಬ ಮಾತ್ರ ಕಂಬ ಹಿಡಿದುಕೊಂಡು ನಿಂತಿದ್ದಳು.

ಅವಳ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ. ಪಂಚಾಕ್ಷರಿಯನ್ನು ಶಿರಾದ ಮನೆಯ ನಡುಮನೆಯಲ್ಲಿ ಗೋಡೆಗೆ ಒರಗಿಸಿ, ಪದ್ಮಾಸನ ಹಾಕಿಸಿ, ಜಾರದಂತೆ ಬಿಳಿಯ ಬಟ್ಟೆ ಕಟ್ಟಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಬಂದವರೆಲ್ಲ ಹಾರ ಹಾಕುತ್ತಿದ್ದರು. ಭಜನೆಯವರು ತಾಳ ಹಿಡಿದು ಕೂತಿದ್ದರು. ಜನರ ಕಾಲುಗಳ ನಡುವಿನಿಂದ ಮರಿ ಬಂದು ಅಪ್ಪನ ಎದುರಿಗೆ ನಿಂತ. "ಅಪ್ಪ?" ಎಂದ. ಇನ್ನೊಮ್ಮೆ ಗಟ್ಟಿಯಾಗಿ ಕರೆಯಲು ಬಾಯಿ ತೆರೆದ. ಅವಳು ಅವನ ಬಾಯಿಯ ಮೇಲೆ ಕೈಯಿಟ್ಟು ಹೇಳಿದ್ದಳು: "ಅಪ್ಪ ಮಲಗಿದಾರೆ ಮರಿ. ಸದ್ದು ಮಾಡಬಾರದು."

ಅವನು ಸದ್ದು ಮಾಡಲಿಲ್ಲ. ಜಾಣ ಹುಡುಗ ಎಂದು ನೆಂಟರೆಲ್ಲ ಹೇಳಿದರು. ಹೂವು ಅಪ್ಪನ ಎದೆಯವರೆಗೆ, ಆಮೇಲೆ ಗಲ್ಲದವರೆಗೆ ಏರಿತು. ಬಿದಿರಿನ ವಿಮಾನ ಬಂತು. ಕೂತಿದ್ದಂತೆಯೇ ಅಪ್ಪನನ್ನು ಅದರೊಳಗೆ ಎತ್ತಿಟ್ಟು ಹೊತ್ತುಕೊಂಡು ಹೋದರು. ಅವನು ಆಗಲೂ ತುಟಿ ಬಿಗಿ ಹಿಡಿದೇ ನಿಂತಿದ್ದ. ಅಮ್ಮ ಹೇಳಿದ್ದಳಲ್ಲ.

ಅಂದು ಮಾಡದ ಸದ್ದನ್ನು ಅವನು ಒಂದು ವರ್ಷದಿಂದ ಮಾಡುತ್ತಿದ್ದ. ಕೂತು ಕಣ್ಣು ಮುಚ್ಚಿದವರನ್ನು ಕಂಡಾಗಲೆಲ್ಲ, ಯಾರೂ ಹೂವು ತರುವುದರೊಳಗೆ, ಎಬ್ಬಿಸುತ್ತಿದ್ದ. ಮತ್ತು ಅವಳು, ಗುಮ್ಮನ ಸುಳ್ಳು ಹೇಳಬೇಡಿರೆಂದು ಊರೂರು ತಿರುಗುವವಳು, ಪ್ರತಿದಿನವೂ ಅವನೆದುರು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕೂತಿದ್ದಳು.

ಹೆಂಗಸರು ಹೋಗಿಬನ್ನಿ ಎಂದದ್ದಕ್ಕೆ ಏನು ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಬಸ್ಸಿನಲ್ಲಿ ಅವಳು ಕಣ್ಣು ಅಗಲ ಬಿಟ್ಟುಕೊಂಡೇ ಕೂತಳು. ಮರಿ ಆಗಾಗ ತಲೆ ಎತ್ತಿ ಅವಳ ಕಣ್ಣು ನೋಡುತ್ತಿದ್ದ. ಅವನು ನೋಡುತ್ತಿದ್ದುದು ಏನನ್ನು ಎಂದು ಈಗ ಅವಳಿಗೆ ಗೊತ್ತಿತ್ತು.

ಮನೆಗೆ ಬಂದಾಗ ಬಿಸಿಲು ಇನ್ನೂ ಬೀದಿಯಲ್ಲಿತ್ತು. ಶಿವಗಂಗಮ್ಮ ಆಗಲೇ ಬಂದು ಕಾಫಿ ಕುಡಿದು, ಮಗುವಿನ ಅಂಗಿ ಚಡ್ಡಿಗಳನ್ನು ಕೈಚೀಲಕ್ಕೆ ತುಂಬಿಸಿ ಕೂತಿದ್ದಳು. ಮಾವ ಅಂಗಡಿಯಿಂದ ಎದ್ದು ಬಂದಿದ್ದರು.

"ಬಾರೋ ನನ್ನ ಕೂಗುಮಾರಿ," ಎಂದಳು ಶಿವಗಂಗಮ್ಮ ಕೈ ಚಾಚಿ. "ನಮ್ಮನೇಲಿ ನಿನ್ನ ಮೀರಿಸೋ ಕೂಗುಮಾರಿಗಳವ್ರೆ. ಯಾಕೆ ಜಗದಾ, ಮುಖ ಇಂಗೈತೆ? ಎರಡು ದಿನ ಬಿಕೋ ಅಂತದೆ, ಆಮೇಲೆ ಸರಿಹೋಯ್ತದೆ ಬುಡು."

"ಅತ್ತಿಗೆ, ಇವನು ಅಲ್ಲಿಗೆ ಬಂದರೂ ಕೂಗುತ್ತಾನೆ," ಎಂದಳು ಜಗದಾಂಬ. "ನಿಮ್ಮನೇಲೂ ಯಾರಾದರೂ ಕೂತಲ್ಲೇ ಕಣ್ಣು ಮುಚ್ಚುತ್ತಾರೆ."

ಯಾರಿಗೂ ಅರ್ಥವಾಗಲಿಲ್ಲ. ಅವಳು ಅವರಿಗೆ ಬಿಡಿಸಿ ಹೇಳಲೂ ಇಲ್ಲ. ನೆಲದ ಮೇಲೆ ಮಂಡಿಯೂರಿ, ಮಗನನ್ನು ಎದುರಿಗೆ ನಿಲ್ಲಿಸಿಕೊಂಡಳು.

"ಮರಿ, ಅವತ್ತು ಅಪ್ಪನಿಗೆ ಎಲ್ಲರೂ ಹೂವು ಹಾಕಿದರಲ್ಲ. ಅಪ್ಪ ಮಲಗಿದಾರೆ ಅಂತ ನಾನು ಹೇಳಿದೆನಲ್ಲ. ಅದು ಸುಳ್ಳು. ಅಪ್ಪ ಮಲಗಿರಲಿಲ್ಲ. ಸತ್ತುಹೋಗಿದ್ದರು."

"ಅಯ್ಯೋ ಶಿವನೇ!" ದಾಕ್ಷಾಯಣಮ್ಮ ಕಿವಿ ಮುಚ್ಚಿಕೊಂಡರು. "ಎಂಥಾ ಮಾತು ಅಂತ ಆಡ್ತೀಯೇ? ಮಗನಿಗೆ ಹೇಳೋ ಮಾತಾ ಅದು? ಲಿಂಗೈಕ್ಯ ಆದ್ರು ಅನ್ನು. ಓದಿದೋಳಿಗೆ ಅಷ್ಟೂ ಬರಾಕಿಲ್ವಾ?"

"ಆ ಮಾತು ಇವನಿಗೆ ಗೊತ್ತಾಗಲ್ಲ ಅತ್ತೆ."

ಮರಿ ಅಜ್ಜಿಯನ್ನು ನೋಡಲಿಲ್ಲ. ತಾಯಿಯ ಬಾಯನ್ನೇ ನೋಡುತ್ತಿದ್ದ.

"ಕೂಗಿದ್ರೆ ಏಳ್ತಿದ್ರಾ?"

"ಇಲ್ಲ. ಸತ್ತವರು ಏಳಲ್ಲ. ನೀನು ಎಷ್ಟು ಕೂಗಿದ್ದರೂ ಏಳುತ್ತಿರಲಿಲ್ಲ."

"ನೀನು ಕೂಗಿದ್ಯಾ?"

ಆ ದಿನ ಅವಳ ಗಂಟಲಿನಿಂದ ಒಂದು ಶಬ್ದವೂ ಹೊರಡಲಿಲ್ಲ. ಗಟ್ಟಿ ಹೆಂಗಸು ಎಂದವರಿದ್ದರು. ಕಲ್ಲು ಎಂದವರೂ ಇದ್ದರು. ಬಳೆ ತೆಗೆಯಲು ಬಂದವರ ಮುಂದೆ ತಾನಾಗಿ ಕೈ ಚಾಚಿದ್ದಳು. ಈಗ ಅತ್ತೆ, ಅತ್ತಿಗೆ, ಮಾವ ಮೂವರೂ ಕೇಳುತ್ತಿದ್ದರು.

"ಇಲ್ಲ," ಎಂದಳು.

ಹುಡುಗನ ಮುಖದಲ್ಲಿ ಏನೋ ಮುಸುಕಿತು. ಯಾರಾದರೂ ಕೂಗಿದ್ದರೆ ಏಳುತ್ತಿದ್ದರೇನೋ ಎನ್ನುವುದು ಹಾಗಾದರೆ ಉಳಿದೇ ಇತ್ತು. ಅದನ್ನು ಕಂಡು ಅವಳಿಗೆ ತನ್ನ ಮೈಯೆಲ್ಲ ನೆಲಕ್ಕೆ ಇಳಿದುಹೋಗಬಾರದೇ ಎನಿಸಿತು.

"ನಾನು ಕೂಗ್ದೆ ಕಣ್ಲಾ ಮರಿ."

ಮಾತಾಡಿದವರು ಮಲ್ಲಿಕಾರ್ಜುನಯ್ಯ. ಸೊಸೆಯ ಎದುರಿಗೆ ಹೆಚ್ಚು ಮಾತಾಡುವವರಲ್ಲ. ಗೋಡೆಯ ಕಡೆ ಮುಖ ಮಾಡಿ ಹೇಳಿದರು: "ಬಟ್ಟೆ ಕಟ್ಟಿ ಕೂರ್ಸಿದೋನು ನಾನೇ. ಕೂರ್ಸೋ ಮುಂಚೆ ಕೂಗ್ದೆ. ಕಿವೀಲಿ ಬಾಯಿಟ್ಟು, ಲೋ ಪಂಚಾಕ್ಷರಿ, ಅಂತ ಗಂಟ್ಲು ಹರಿಯಂಗೆ ಕೂಗ್ದೆ. ಏಳ್ಲಿಲ್ಲ ನಿಮ್ಮಪ್ಪ."

"ಅಜ್ಜಿ ಕೂಗಿದ್ಲಾ?"

"ಕೂಗ್ದೆ ಕಣಪ್ಪಾ," ಎಂದರು ದಾಕ್ಷಾಯಣಮ್ಮ. ಸೆರಗಿನಿಂದ ಮೂಗು ಒರೆಸಿಕೊಂಡರು.

ಅಜ್ಜ ಕೂಗಿದರೆ ಬೀದಿಯ ಆ ತುದಿಯಿಂದ ಕೂಲಿಯವರು ಓಡಿ ಬರುತ್ತಿದ್ದುದು ಮರಿಗೆ ಗೊತ್ತಿತ್ತು. ಆ ದನಿಗೂ ಏಳದಿದ್ದರೆ ಅದು ಬೇರೆಯೇ ಇರಬೇಕು.

"ಮಲಗಿದವರು ಏಳುತ್ತಾರೆ," ಎಂದಳು ಜಗದಾಂಬ. "ನೋಡು."

ಹೇಳಿದವಳು ಅಲ್ಲೇ, ಮಾವ ನಿಂತ ನೆಲದ ಮೇಲೆ, ಉದ್ದಕ್ಕೆ ಮಲಗಿಬಿಟ್ಟಳು. ಮದುವೆಯಾಗಿ ಬಂದಂದಿನಿಂದ ಅವರೆದುರು ಗೋಡೆಗೆ ಒರಗಿ ನಿಂತವಳೂ ಅಲ್ಲ ಅವಳು. "ಇದೇನೇ ಇದು," ಎಂದರು ಅತ್ತೆ, ದನಿ ತಗ್ಗಿಸಿ. ಮಾವ ಬಾಗಿಲಿನತ್ತ ತಿರುಗಿಕೊಂಡರು, ಆದರೆ ಹೊರಗೆ ಹೋಗಲಿಲ್ಲ. ಜಗದಾಂಬ ಕಣ್ಣು ಮುಚ್ಚಿದಳು. ಮುಚ್ಚಿದ ರೆಪ್ಪೆಯೊಳಗೂ ನಾಚಿಕೆ ಸುಡುತ್ತಿತ್ತು.

"ಏಳು!" ಎಂದು ಕಿರುಚಿದ ಮರಿ.

ಎದ್ದು ಕೂತಳು. ಅವನು ಕಣ್ಣು ಪಿಳುಕಿಸಿದ. ಮತ್ತೆ ಮಲಗಿದಳು. ಮತ್ತೆ ಕಿರುಚಿದ, ಎದ್ದಳು. ಆಮೇಲಿನ ಸಲ ಅವನು ಕಿರುಚಲಿಲ್ಲ, ಬರೀ "ಏಳು" ಎಂದ. ಆಮೇಲೆ ಪಿಸುಗುಟ್ಟಿದ. ಪಿಸುಗುಟ್ಟಿದರೂ ಅಮ್ಮ ಏಳುವುದು ಕಂಡು ಅವನಿಗೆ ನಗು ಬಂತು. ಕೊನೆಗೆ ಏನೂ ಹೇಳದೆ, ಅವಳ ಮುಖದ ಹತ್ತಿರ ಮುಖ ತಂದು ಕಾದ. ಅವನ ಉಸಿರು ಅವಳ ಮೂಗಿಗೆ ತಾಗುತ್ತಿತ್ತು. ಅವಳು ಬೇಕೆಂದೇ ತಡ ಮಾಡಿದಳು. ಅವನ ಉಸಿರು ನಿಂತಿತು. ಕಣ್ಣು ಬಿಟ್ಟಳು.

"ಎದ್ಬುಟ್ಲು," ಎಂದ ಅವನು, ಎಲ್ಲರಿಗೂ.

"ನನ್ನ ಹುಚ್ಚು ಮಗನೇ," ಎಂದಳು ಶಿವಗಂಗಮ್ಮ. ತಮ್ಮನ ಹೆಸರು ಆ ಮನೆಯಲ್ಲಿ ಗಟ್ಟಿಯಾಗಿ ಕೇಳಿ ಬಹಳ ದಿನವಾಗಿತ್ತು.

ಮರಿ ಅಮ್ಮನ ತೋಳಿನ ಮೇಲೆ ತಲೆಯಿಟ್ಟ. ಇನ್ನೂ ಒಂದೆರಡು ಸಲ ಅವಳ ರೆಪ್ಪೆಯನ್ನು ಬೆರಳಿನಿಂದ ಮುಚ್ಚಿದ, ತೆರೆದ. ಬೆರಳು ಅವಳ ಕೆನ್ನೆಯ ಮೇಲೆ ಜಾರಿ ನಿಂತಿತು. ತಟ್ಟುವವರಿಲ್ಲದೆ, ಹಾಡುವವರಿಲ್ಲದೆ, ಎಲ್ಲರ ನಡುವೆ ಅವನು ನಿದ್ದೆ ಹೋದ.

ಬೀದಿಯಲ್ಲಿ ಮಧುಗಿರಿ ಬಸ್ಸಿನ ಹಾರನ್ ಕೇಳಿಸಿತು. ಶಿವಗಂಗಮ್ಮ ಮಗುವಿನ ಬಟ್ಟೆಯ ಕೈಚೀಲವನ್ನು ಅಲ್ಲೇ ಬಿಟ್ಟು, ತನ್ನ ಚೀಲವನ್ನಷ್ಟೇ ಎತ್ತಿಕೊಂಡು ಎದ್ದಳು.

ಹಿರಿಯ ಅತ್ತಿಗೆ ಹೊರಟಿದ್ದಾಳೆ; ಎದ್ದು ಕಾಲಿಗೆ ನಮಸ್ಕರಿಸಿ ಬಾಗಿಲವರೆಗೆ ಹೋಗಬೇಕು. ಜಗದಾಂಬ ತೋಳು ಎಳೆದುಕೊಳ್ಳಲು ನೋಡಿದಳು. ಮಾವ ತಿರುಗದೆಯೇ ಕೈಸನ್ನೆ ಮಾಡಿದರು: ಇರು. ಅವಳು ಇದ್ದಳು. ಕಾಲು ಹಿರಿಯರ ಕಡೆ ಚಾಚಿ, ಸೆರಗು ನೆಲದ ಮೇಲೆ ಹರಡಿ, ಸೂರು ನೋಡುತ್ತ ಬಿದ್ದಿದ್ದಳು. ಕಣ್ಣಿನ ಮೂಲೆಯಿಂದ ನೀರು ಕಿವಿಗೆ ಹರಿಯುತ್ತಿತ್ತು. ಒರೆಸಿಕೊಳ್ಳಲು, ಮಗನ ತಲೆಯ ಕೆಳಗಿದ್ದ ಆ ಕೈಗೆ ಬಿಡುವಿರಲಿಲ್ಲ.

ಶಿವಗಂಗಮ್ಮ ಬಗ್ಗಿ ಅವಳ ಸೀರೆಯ ಅಂಚನ್ನು ಪಾದದ ಮೇಲೆ ಎಳೆದಳು.

"ಎದ್ದಾಗ ಅತ್ತೆ ಎಲ್ಲಿ ಅಂತ ಕೇಳ್ತಾನೆ," ಎಂದಳು, ಪಿಸುದನಿಯಲ್ಲಿ. "ಮಧುಗಿರಿಗೆ ಹೋದ್ಲು ಅನ್ನು. ಇದ್ದದ್ದು ಇದ್ದಂಗೆ ಹೇಳು."

"ಆಗಲಿ" ಎನ್ನಲು ಹೋಗಿ ಜಗದಾಂಬ ನಿಲ್ಲಿಸಿದಳು. "ಹೇಳ್ತೀನಿ ಅತ್ತಿಗೆ," ಎಂದಳು.